ಕರಿಹುಲಿ, ಕಡಲಹುಲಿ ಎರಡೂ ಒಂದೇನಾ?

ಡೊಂಬಿವಲಿ ಪುಟ್ಟ:
ನಿನ್ನೆ ಲೋಕಲ್‌ನಲ್ಲಿ ದೊಡ್ಡ ವಾದ. ನಮ್ಮ ಗುಂಪಿನಲ್ಲಿ ಒಬ್ಬ ತಮಿಳು ಗೆಳೆಯ ಇದ್ದಾನೆ. ಶ್ರೀಲಂಕಾದಲ್ಲಿ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡಿದ ಎಲ್‌ಟಿಟಿಇಯ ಕರಿಹುಲಿ, ಕಡಲಹುಲಿ ಬೇರೆ ಬೇರೆ ಅಂತ ಅವನು. ಎರಡೂ ಒಂದೇ, ಸಮುದ್ರದಿಂದ ಬಂದು ಹೊಡೆಯುವವರು, 26/11ರಲ್ಲಿ ಲಷ್ಕರ್‌ನವರು ಅದನ್ನೇ ನಕಲು ಮಾಡಿದ್ದು ಅಂತ ನಾನು. ಘಾಟ್ಕೋಪರ್ ಬಂದರೂ ಮುಗಿಯಲಿಲ್ಲ. ಯಾರು ಸರಿ? ಒಂದು ಮಸಾಲೆ ದೋಸೆ ಪಣಕ್ಕಿದೆ.

ಮಾಟುಂಗಾ ಮಾಣಿ:
ದೋಸೆ ಹೋಯಿತು ಮಾರಾಯ್ರೆ. ಕಡಲಹುಲಿ ಅಂದರೆ ಅವರ ಇಡೀ ನೌಕಾಪಡೆ, ಸೂಸೈ ಅನ್ನುವವನು ಅದರ ಮುಖ್ಯಸ್ಥನಾಗಿದ್ದ. ದೋಣಿ ಓಡಿಸುವವರು, ಸಾಮಾನು ಸಾಗಿಸುವವರು ಎಲ್ಲ ಸೇರಿ. ಕರಿಹುಲಿ ಹಾಗಲ್ಲ. ಸಾಯಲಿಕ್ಕೇ ಅಂತ ಆರಿಸಿದ ಪಡೆ ಅದು. 1987ರ ಜುಲೈ 5ಕ್ಕೆ ಜಾಫ್ನಾದ ನೆಲ್ಲಿಯಡಿಯಲ್ಲಿ ಕ್ಯಾಪ್ಟನ್ ಮಿಲ್ಲರ್ ಅನ್ನುವವನು ಸ್ಫೋಟಕ ತುಂಬಿದ ಲಾರಿಯನ್ನು ಸೇನಾ ಶಿಬಿರಕ್ಕೆ ನುಗ್ಗಿಸಿದ, ಅಲ್ಲಿಂದ ಶುರು. ಆಮೇಲೆ ಪ್ರತಿ ವರ್ಷ ಅದೇ ದಿನ ಕರಿಹುಲಿ ದಿನ ಅಂತ ಮಾಡುತ್ತಿದ್ದರು. ಕಡಲಿನಲ್ಲೂ ಆತ್ಮಾಹುತಿ ದೋಣಿಯವರು ಇದ್ದರು, ಅವರಿಗೆ ಕಡಲ ಕರಿಹುಲಿ ಅಂತಲೇ ಹೆಸರು. ನೀವು ಎಡವಿದ್ದು ಅಲ್ಲೇ ಇರಬೇಕು.

ಥಾಣೆಯಲ್ಲಿರೋ ಬೆಂಗಳೂರಿನವ:
ಇನ್ನೊಂದು ಸೇರಿಸ್ತೀನಿ. ಕುತ್ತಿಗೆಯಲ್ಲಿ ಸಯನೈಡ್ ಕುಪ್ಪಿ ಇದ್ದವರೆಲ್ಲ ಕರಿಹುಲಿ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅಲ್ಲ, ಅದು ಸಾಮಾನ್ಯ ಹೋರಾಟಗಾರರ ಹತ್ತಿರವೂ ಇರುತ್ತಿತ್ತು. ರಾಜೀವ್ ಗಾಂಧಿ ಹತ್ಯೆ ಆದಮೇಲೆ ಒಂಟಿಕಣ್ಣಿನ ಶಿವರಾಸನ್ ನಮ್ಮ ಕೋಣನಕುಂಟೆಯಲ್ಲೇ ಅಡಗಿದ್ದನಲ್ಲ, ಅವನೂ ಕರಿಹುಲಿಯಲ್ಲ, ಎಲ್‌ಟಿಟಿಇ ಬೇಹುಗಾರಿಕೆ ವಿಭಾಗದವನು. 1991ರ ಆಗಸ್ಟ್ 20ಕ್ಕೆ ಕಮಾಂಡೋಗಳು ಆ ಮನೆಯೊಳಗೆ ಹೋದಾಗ ಅವನೂ ಸೇರಿ ಒಳಗಿದ್ದ ಏಳೂ ಜನ ಸತ್ತಿದ್ದರು. ನಾನಾಗ ಐದನೇ ಕ್ಲಾಸು, ಮನೆಯಲ್ಲಿ ಒಂದು ವಾರ ಬೇರೆ ಮಾತೇ ಇರಲಿಲ್ಲ.

ಮಾಟುಂಗಾ ಮಾಣಿ:
26/11 ಬಗ್ಗೆ ಹೇಳೋದು ಮರೆತೆ. ಆ 10 ಜನ ಕುಬೇರ್ ಅನ್ನುವ ಮೀನುಗಾರರ ದೋಣಿ ಕಸಿದುಕೊಂಡು, ರಬ್ಬರ್ ದೋಣಿಯಲ್ಲಿ ಬಧ್ವಾರ್ ಪಾರ್ಕ್ ಹತ್ತಿರ ಇಳಿದದ್ದು ನಿಜ. ಆದರೆ ಅವರಿಗೆ ಕಡಲು ಬರೀ ದಾರಿ. ಹೋಲಿಸಲೇಬೇಕು ಅಂದರೆ 2001ರ ಜುಲೈ 24ರ ಶ್ರೀಲಂಕಾದ ಕಟುನಾಯಕೆ ವಿಮಾನ ನಿಲ್ದಾಣದ ದಾಳಿ ನೋಡಿ. 14 ಕರಿಹುಲಿಗಳು, ಒಬ್ಬನೂ ವಾಪಸ್ ಹೋಗಲಿಲ್ಲ. ಅವರ ಕಣ್ಣು ಇದ್ದದ್ದು ವಿಮಾನಗಳ ಮೇಲೆ. ಸಿಎಸ್‌ಟಿಯಲ್ಲಿ ಕಸಬ್ ಮತ್ತು ಅವನ ಜೊತೆಗಾರ ಗುಂಡು ಹಾರಿಸಿದ್ದು ಟ್ರೈನಿಗೆ ಕಾಯುತ್ತಿದ್ದವರ ಮೇಲೆ.

ಸಯಾನ್ ಅಕ್ಕ:
ಹಾಗಂತ ಕರಿಹುಲಿಗಳನ್ನ ಸುಮ್ನೆ ಮೇಲೆ ಕೂರಿಸಬೇಡಿ ತಮ್ಮಾ. 1996ರ ಜನವರಿ 31ಕ್ಕೆ ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ ಲಾರಿ ನುಗ್ಗಿಸಿದ್ದೂ ಇವರೇ. 91 ಜನ ಸತ್ತರು. ಬ್ಯಾಂಕಿನ ಕೆಲಸದವರು, ರಸ್ತೆಯಲ್ಲಿ ಹೋಗುತ್ತಿದ್ದವರು. ನಾನೂ ಬ್ಯಾಂಕಿನವಳೇ, ಆ ಫೋಟೋ ಈಗಲೂ ನೋಡೋಕಾಗಲ್ಲ.

ಡೊಂಬಿವಲಿ ಪುಟ್ಟ:
ಸರಿ ಅಕ್ಕ. ದೋಸೆ ಕೊಡಿಸ್ತೀನಿ, ಆದರೆ 26/11 ಬಗ್ಗೆ ನಾನು ಹೇಳಿದ್ದೂ ತಪ್ಪು ಅಂತ ಅವನಿಗೆ ಹೇಳಲ್ಲ.