2 ಕಿಲೋಮೀಟರ್ ಆಳದಲ್ಲಿ ಗ್ಯಾಸ್ ತುಂಬಿದರೆ ಮೇಲಿನ ನೆಲ ಉಬ್ಬುತ್ತದಾ?

ಪವನ್_ಹಾಸನ: ಅಲ್ಜೀರಿಯಾದ ಇನ್ ಸಾಲಾ ಬಗ್ಗೆ ಓದುತ್ತಿದ್ದೆ. ಅಲ್ಲಿನ ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಕಾರ್ಬನ್ ಡೈಆಕ್ಸೈಡನ್ನು 2004ರಿಂದ 2011ರವರೆಗೆ ನೆಲದೊಳಗೆ ತುಂಬಿದರು, ಒಟ್ಟು ಸುಮಾರು 38 ಲಕ್ಷ ಟನ್. ಬಾವಿಗಳ ಮೇಲಿನ ಮರುಭೂಮಿ ವರ್ಷಕ್ಕೆ 5 ಮಿಲಿಮೀಟರ್‌ನಷ್ಟು ಎದ್ದಿತಂತೆ. ತುಂಬಿದ್ದು 1.9 ಕಿಲೋಮೀಟರ್ ಆಳದಲ್ಲಿ, ಬರೀ 20 ಮೀಟರ್ ದಪ್ಪದ ಮರಳುಗಲ್ಲಿಗೆ. ಅದನ್ನು ಅಳೆದ ಉಪಗ್ರಹದ ರೇಡಾರ್ ಅಳತೆಯೇ ತಪ್ಪಿರಬಹುದು ಅಲ್ವಾ?

ಸುಮಾ_ಶಿಲೆ: ತಪ್ಪಿಲ್ಲ ಪವನ್. ಗಿಡಮರ ಇಲ್ಲದ ಕಲ್ಲುನೆಲ, ರೇಡಾರಿಗೆ ಅದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ಮರಳುಗಲ್ಲಿನ ಸಂದುಗಳಲ್ಲಿ ಮೊದಲೇ ಉಪ್ಪುನೀರು ಇರುತ್ತದೆ. ಮೇಲಿನ ಬಂಡೆಯ ಭಾರವನ್ನು ಕಲ್ಲಿನ ಕಣಗಳೂ ಆ ನೀರೂ ಸೇರಿ ಹೊತ್ತಿರುತ್ತವೆ. ಗ್ಯಾಸ್ ನುಗ್ಗಿಸಿದರೆ ಸಂದಿನ ಒತ್ತಡ ಏರುತ್ತದೆ, ಕಣಗಳ ಮೇಲಿನ ಹೊರೆ ಇಳಿಯುತ್ತದೆ, ಕಲ್ಲು ಒಂಚೂರು ಹಿಗ್ಗುತ್ತದೆ. 20 ಮೀಟರಿನಲ್ಲಿ ಸಾವಿರಕ್ಕೊಂದು ಪಾಲು ಅಂದರೂ 2 ಸೆಂಟಿಮೀಟರ್ ಆಯಿತು. ಒತ್ತಡ ಏರಿದ ಜಾಗ ಕಿಲೋಮೀಟರ್‌ಗಟ್ಟಲೆ ಅಗಲ ಇದ್ದಿದ್ದರಿಂದ ಅದರ ಬಹುಪಾಲು ಮೇಲಿನವರೆಗೂ ಕಾಣಿಸಿತು. ಇಕ್ಕಟ್ಟಾದ ಜಾಗವಾಗಿದ್ದರೆ ಸುತ್ತಲಿನ ಬಂಡೆಯೇ ಅದನ್ನು ನುಂಗಿಬಿಡುತ್ತಿತ್ತು.

ಬೋರ್‌ವೆಲ್_ನಾಗರಾಜ: ಮೇಡಂ, ನೀರು ಬಾರದ ಬೋರಿಗೆ ನಾವೂ ಪ್ಯಾಕರ್ (ಬೋರಿನ ತೂತನ್ನು ಬಿಗಿಯಾಗಿ ಮುಚ್ಚುವ ಬಿರಡೆ) ಇಳಿಸಿ ನೀರು ಒತ್ತುತ್ತೇವೆ. ಮೀಟರಿನ ಮುಳ್ಳು ಏರುತ್ತಾ ಏರುತ್ತಾ ಹೋಗಿ ದಡಕ್ಕನೆ ಬಿದ್ದರೆ ಬಿರುಕು ಬಾಯಿ ಬಿಟ್ಟಿತು ಅಂತ ಲೆಕ್ಕ. ಅಲ್ಲೂ ಹಾಗೇ ಆಯಿತಾ?

ಸುಮಾ_ಶಿಲೆ: ಒಂದು ಬಾವಿಯಲ್ಲಿ ಹಾಗೇ ಆಗಿರಬೇಕು ನಾಗರಾಜ್ ಅವರೇ. ಕೆಬಿ-502 ಅಂತ ಅದರ ಹೆಸರು. ಬೇರೆ ಬಾವಿಗಳ ಮೇಲೆ ನೆಲ ಒಂದೇ ಗುಡ್ಡೆಯಂತೆ ಎದ್ದರೆ, ಇಲ್ಲಿ ಎರಡು ಉದ್ದನೆಯ ಉಬ್ಬು, ನಡುವೆ ತಗ್ಗು. ಕೆಳಗೆ ನೆಟ್ಟಗೆ ನಿಂತ ಬಿರುಕು ಅಗಲವಾದಾಗ ಮೂಡುವ ಗುರುತು ಅದು. ಪಕ್ಕದ ಬಂಡೆ ಎರಡೂ ಕಡೆ ಸರಿಯುತ್ತದೆ, ನೇರ ಮೇಲಿನ ನೆಲ ತಗ್ಗುತ್ತದೆ.

ಅನುಮಾನಿ: ಹಾಗಾದರೆ ಗ್ಯಾಸನ್ನು ಕೆಳಗೇ ಹಿಡಿದಿಡುವ ಬಂಡೆಯ ಮುಚ್ಚಳವೇ ಸೀಳಿತು ಅಂತಾಯಿತು. ಇದನ್ನು ಸುರಕ್ಷಿತ ಅಂತ ಯಾವ ಬಾಯಲ್ಲಿ ಹೇಳುತ್ತಾರೆ?

ಗಿರೀಶ್_ರಿಗ್: ಸುಮ್ನೆ ಹೆದರಿಸಬೇಡಿ ಸಾರ್. ಮೇಲೆ 900 ಮೀಟರಿಗೂ ಜಾಸ್ತಿ ದಪ್ಪದ ಜೇಡಿಕಲ್ಲು ಇದೆ. ಬಿರುಕು ಅದರ ಕೆಳಭಾಗಕ್ಕೆ ಹೊಕ್ಕಿರಬಹುದು, ದಾಟಿಲ್ಲ. ಗ್ಯಾಸ್ ಹೊರಗೆ ಕಂಡದ್ದು 2007ರಲ್ಲಿ ಒಂದೇ ಕಡೆ, ಕೆಬಿ-5 ಅನ್ನುವ ಹಳೆಯ ಬಾವಿಯ ಬಾಯಲ್ಲಿ. ಅದೂ ಸ್ವಲ್ಪ. ಆಮೇಲೆ ಅದನ್ನು ಮುಚ್ಚಿದರು. ತೂತು ಮನುಷ್ಯ ಕೊರೆದದ್ದು, ಜೇಡಿಯದಲ್ಲ.

ಅನುಮಾನಿ: ಹಳೆಯ ಬಾವಿ ಇಲ್ಲದ ಗ್ಯಾಸ್ ಫೀಲ್ಡ್ ಒಂದು ತೋರಿಸಿ ನೋಡೋಣ. ಮುಚ್ಚಳದ ಬಗ್ಗೆ ಅಷ್ಟು ಧೈರ್ಯ ಇದ್ದಿದ್ದರೆ 2011ರಲ್ಲಿ ಯಾಕೆ ನಿಲ್ಲಿಸಿದರು?

ಸುಮಾ_ಶಿಲೆ: ಈ ಮಾತಿನಲ್ಲಿ ನಾನು ಅನುಮಾನಿಯವರ ಕಡೆ. ಮುಚ್ಚಳದ ಬಗ್ಗೆ ಚಿಂತೆ ಬಂದೇ ನಿಲ್ಲಿಸಿದ್ದು. ತಪ್ಪು ಜೇಡಿಯದಲ್ಲ, ಒತ್ತಿದ ರೀತಿಯದು. ಮರಳುಗಲ್ಲು ಬಿಗಿಯಾಗಿತ್ತು, ಗ್ಯಾಸ್ ಸಲೀಸಾಗಿ ಹರಿಯುತ್ತಿರಲಿಲ್ಲ, ಒತ್ತಡ ಏರಿತು. ಜೊತೆಗೆ ತುಂಬಿದ ಗ್ಯಾಸ್ ಅಲ್ಲಿನ ಕಲ್ಲಿಗಿಂತ ತಣ್ಣಗಿತ್ತು. ತಣಿದ ಕಲ್ಲು ಕುಗ್ಗುತ್ತದೆ, ಬಿರುಕು ಬಿಡುವುದು ಸುಲಭವಾಗುತ್ತದೆ. ನಾರ್ವೆಯ ಸ್ಲೈಪ್ನರ್ ಗ್ಯಾಸ್ ಫೀಲ್ಡ್‌ನಲ್ಲಿ 1996ರಿಂದ ತುಂಬುತ್ತಾ ಬಂದರೂ ಇಂಥ ಗಲಾಟೆ ಇಲ್ಲ, ಯಾಕೆಂದರೆ ಅಲ್ಲಿನ ಮರಳು ಸಡಿಲ, ದಪ್ಪವೂ ಜಾಸ್ತಿ.

ಪವನ್_ಹಾಸನ: ಒತ್ತಡ ಜೇಡಿಗೂ ತಕ್ಷಣ ಏರುತ್ತದಾ?

ಸುಮಾ_ಶಿಲೆ: ಇಲ್ಲ, ಜೇಡಿಯೊಳಗೆ ನೀರು ನುಸುಳುವುದು ಬಹಳ ನಿಧಾನ. ತಮಾಷೆ ಏನೆಂದರೆ, ಕೆಳಗಿನ ಕಲ್ಲು ಹಿಗ್ಗುವಾಗ ಜೇಡಿ ಬಾಗಿ ಎಳೆದಂತಾಗುತ್ತದೆ. ಆಗ ಅದರ ಕೆಲವು ಕಡೆ ನೀರಿನ ಒತ್ತಡ ಮೊದಲು ಇಳಿಯಲೂಬಹುದು. ನೆದರ್ಲೆಂಡ್ಸಿನ ನೂರ್ಡ್‌ಬೆರ್ಗಮ್‌ನಲ್ಲಿ ಇದರ ಉಲ್ಟಾ ಕಂಡಿತ್ತು. ಅಲ್ಲಿ ನೀರು ಎತ್ತಲು ಶುರು ಮಾಡಿದ ಕೂಡಲೇ ಪಕ್ಕದ ಪದರದ ನೀರಿನ ಮಟ್ಟ ಸ್ವಲ್ಪ ಹೊತ್ತು ಏರಿತ್ತು.

ಬೋರ್‌ವೆಲ್_ನಾಗರಾಜ: ಪಂಪ್ ನಿಲ್ಲಿಸಿದರೆ ನೆಲ ಮೊದಲಿನ ಜಾಗಕ್ಕೇ ಬರುತ್ತದಾ?

ಗಿರೀಶ್_ರಿಗ್: ಮರಳುಗಲ್ಲು ಹಿಗ್ಗಿದ್ದು ಬಹುತೇಕ ಇಳಿಯುತ್ತದೆ. ಆದರೆ ಕುಸಿದ ನೆಲವನ್ನು ನೀರು ತುಂಬಿ ಎತ್ತುವುದು ಬೇರೆ ಕಥೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಎಣ್ಣೆ ತೆಗೆದು ನೆಲ ಸುಮಾರು 9 ಮೀಟರ್ ಕುಸಿದಿತ್ತು. 1950ರ ದಶಕದ ಕೊನೆಗೆ ನೀರು ತುಂಬಿ ಕುಸಿತ ನಿಲ್ಲಿಸಿದರು. ವಾಪಸ್ ಎದ್ದದ್ದು ಹೆಚ್ಚೆಂದರೆ 30 ಸೆಂಟಿಮೀಟರ್ ಆಸುಪಾಸು.

ಅನುಮಾನಿ: ಅದಕ್ಕೇ ಕೇಳಿದ್ದು, ಕೆಬಿ-502ರ ಬಿರುಕೂ ಪೂರ್ತಿ ಕೂಡಿಕೊಳ್ಳುತ್ತದೆ ಅಂತ ಯಾರು ಬರೆದು ಕೊಡುತ್ತಾರೆ?

ಗಿರೀಶ್_ರಿಗ್: ಯಾರೂ ಕೊಡುವುದಿಲ್ಲ ಸಾರ್. ಒತ್ತಡ ಇಳಿದರೆ ಬಿರುಕಿನ ಬಾಯಿ ಕಿರಿದಾಗುತ್ತದೆ, ಬೆಸೆಯುವುದಿಲ್ಲ. ಮುಂದೆ ಅಲ್ಲೇ ತುಂಬುವುದಾದರೆ ಆ ಬಿರುಕು ಮತ್ತೆ ಬಾಯಿ ಬಿಡುವ ಒತ್ತಡಕ್ಕಿಂತ ಕಡಿಮೆಯಲ್ಲೇ ತುಂಬಬೇಕು.