ಮೆಣಸಿನ ಎಲೆ ಮುರುಟು, ಬದನೆ ಕುಡಿ ಬಾಡು: ಬೇವಿನೆಣ್ಣೆಗೂ ಬಗ್ಗುತ್ತಿಲ್ಲ

ತಾರಸಿತೋಟ:
12 ಇಂಚಿನ ಕುಂಡಗಳಲ್ಲಿ ಆರು ಮೆಣಸಿನ ಗಿಡ, ನಾಲ್ಕು ಬದನೆ ಇವೆ. ಮೆಣಸಿನ ಸುಳಿ ಎಲೆಗಳು ಮುರುಟಿಕೊಂಡು ಚಿಕ್ಕದಾಗುತ್ತಿವೆ, ಹೂವೂ ಉದುರುತ್ತಿದೆ. ಬದನೆ ಗಿಡವೆಲ್ಲ ಚೆನ್ನಾಗಿದ್ದು ತುದಿಯ ಕುಡಿ ಮಾತ್ರ ಜೋತುಬೀಳುತ್ತದೆ, ನೀರು ಹಾಕಿದರೂ ಏಳುವುದಿಲ್ಲ. ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ ಹಾಕಿ ಬೆಳಿಗ್ಗೆ ಹತ್ತರ ಹೊತ್ತಿಗೆ ಎರಡು ಸಲ ಹೊಡೆದಾಯಿತು. ಮುರುಟು ನಿಲ್ಲಲಿಲ್ಲ, ಸಾಲದ್ದಕ್ಕೆ ಕೆಲವು ಎಲೆಗಳ ಅಂಚು ಸುಟ್ಟಂತಾಗಿದೆ. ಇನ್ನೂ ಜೋರಾದದ್ದು ಬೇಕೇ? ಹೊಗೆಸೊಪ್ಪಿನ ಕಷಾಯ ಹೊಡೆಯಬಹುದೇ?

ಎಲೆಯಡಿ:
ಔಷಧ ಬದಲಿಸುವ ಮುಂಚೆ ಎಲೆ ಯಾವ ಕಡೆಗೆ ಮಡಚಿದೆ ನೋಡಿ. ಅಂಚು ಮೇಲಕ್ಕೆದ್ದು ದೋಣಿಯ ಹಾಗಾಗಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಹುಳು. ಬಿಳಿ ಹಾಳೆಯ ಮೇಲೆ ಸುಳಿಯನ್ನು ನಾಲ್ಕೈದು ಸಲ ತಟ್ಟಿದರೆ ಒಂದು ಮಿಲಿಮೀಟರಿನಷ್ಟು ಉದ್ದದ, ಹಳದಿ ಇಲ್ಲವೇ ಕಂದು ಬಣ್ಣದ ಸಪೂರ ಹುಳುಗಳು ಬಿದ್ದು ಹರಿದಾಡುತ್ತವೆ. ಅಂಚು ಕೆಳಕ್ಕೆ ಬಾಗಿ, ಎಲೆ ಕಿರಿದಾಗಿ, ತೊಟ್ಟು ಮಾತ್ರ ಉದ್ದವಾಗಿದ್ದರೆ ಅದು ಮೈಟ್ ನುಸಿ. ಇದು ಬರಿಗಣ್ಣಿಗೆ ಸಿಗುವುದಿಲ್ಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಬೇಕು. ಎಲೆ ಹಳದಿಯಾಗಿ ಗಿಡವೇ ಗಿಡ್ಡಾಗಿ, ಅಲುಗಿಸಿದರೆ ಬಿಳಿ ನೊಣ ಹಾರಿದರೆ ನಂಜಾಣು (ವೈರಸ್) ರೋಗದ ಗುಮಾನಿ. ಅದಕ್ಕೆ ಮದ್ದಿಲ್ಲ, ಕಿತ್ತು ಚೀಲಕ್ಕೆ ಹಾಕಿ, ಪಕ್ಕದ ಗಿಡವಾದರೂ ಉಳಿಯಲಿ.

ಥ್ರಿಪ್ಸ್ ಆದರೆ ಮೊದಲು ಎಲೆಯಡಿಗೆ ರಭಸವಾಗಿ ನೀರು ಹೊಡೆಯಿರಿ, ಆಮೇಲೆ ಬೇವು. ನೀಲಿ ಅಂಟು ಹಾಳೆಯನ್ನು ಗಿಡದ ತುದಿಯ ಎತ್ತರಕ್ಕೆ ಕಟ್ಟಿ. ಹಳದಿ ಹಾಳೆ ಹೆಚ್ಚಾಗಿ ಬಿಳಿ ನೊಣಕ್ಕೆ. ಮೈಟ್ ಆದರೆ ತೀರಾ ಕೆಟ್ಟ ಸುಳಿಗಳನ್ನು ಚಿವುಟಿ ತೆಗೆದು, ನೀರಿನಲ್ಲಿ ಕರಗುವ ಗಂಧಕದ ಪುಡಿಯನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ ಹೊಡೆಯಿರಿ. ಆದರೆ ಈಗಲೇ ಬೇಡ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬಿದ್ದರೆ ಎಲೆ ಸುಡುತ್ತದೆ, 32 ಡಿಗ್ರಿ ದಾಟುವ ಬಿಸಿಲಿನಲ್ಲೂ ಅಷ್ಟೇ.

ಒಮ್ಮೆ ಮುರುಟಿದ ಎಲೆ ಮತ್ತೆ ನೆಟ್ಟಗಾಗುವುದಿಲ್ಲ. ಹೊಸ ಚಿಗುರು ಹೇಗೆ ಬರುತ್ತಿದೆ ಅನ್ನುವುದರ ಮೇಲೆ ಲೆಕ್ಕ ಹಾಕಿ.

ಕೈತೋಟಿಗ:
ಎಲೆ ಸುಟ್ಟಿದ್ದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ಸೋಪಿನ ಸುದ್ದಿಯೇ ಇಲ್ಲ. ಬರೀ ನೀರಿಗೆ ಎಣ್ಣೆ ಹಾಕಿದರೆ ಅದು ಮೇಲೆ ತೇಲುತ್ತದೆ. ಸ್ಪ್ರೇಯರಿನ ಕೊಳವೆ ತಳದಿಂದ ಎಳೆಯುವುದರಿಂದ ಮೊದಲ ಗಿಡಗಳಿಗೆ ಬರೀ ನೀರು, ಕೊನೆಯ ಒಂದೆರಡಕ್ಕೆ ಹೆಚ್ಚುಕಡಿಮೆ ಬರೀ ಎಣ್ಣೆ. ಸುಟ್ಟಿರುವುದು ಕೊನೆಗೆ ಹೊಡೆದ ಗಿಡಗಳೇ ಇರಬೇಕು, ನೋಡಿ.

5 ಮಿ.ಲೀ. ಎಣ್ಣೆಗೆ 1ರಿಂದ 2 ಮಿ.ಲೀ. ದ್ರವ ಸೋಪು ಹಾಕಿ ಚೆನ್ನಾಗಿ ಕಲಸಿ. ಅದಕ್ಕೆ ಅರ್ಧ ಲೋಟ ಉಗುರುಬೆಚ್ಚನೆ ನೀರು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ಒಂದು ಲೀಟರಿಗೆ ತುಂಬಿಸಿ. ಮೇಲೆ ಎಣ್ಣೆಯ ಕಣ್ಣು ಕಂಡರೆ ಸೋಪು ಸಾಲದು. ಬಟ್ಟೆ ಒಗೆಯುವ ಪುಡಿ ಬೇಡ, ಎಲೆಯ ಮೇಣವನ್ನೇ ತೆಗೆದುಬಿಡುತ್ತದೆ. ಹೊಡೆಯುವಾಗ ನಡುನಡುವೆ ಕುಲುಕಿ.

ಬಿಸಿಲು ಇಳಿದ ಮೇಲೆ, ಎಲೆಯ ಕೆಳಭಾಗ ತೊಟ್ಟಿಕ್ಕುವಷ್ಟು ಹೊಡೆಯಿರಿ. ಬೇವಿನ ಸತ್ವ ಬಿಸಿಲಿಗೆ ಬೇಗ ಹಾಳಾಗುತ್ತದೆ, ಹತ್ತು ಗಂಟೆಗೆ ಹೊಡೆದರೆ ಶ್ರಮ ದಂಡ. ಬೆರೆಸಿದ್ದನ್ನು ಅಂದೇ ಮುಗಿಸಿ. 5ರಿಂದ 7 ದಿನಕ್ಕೊಮ್ಮೆ, ಮೂರು ಸಲ. ಬೇವು ಹುಳವನ್ನು ಆ ಕ್ಷಣವೇ ಕೊಲ್ಲುವುದಿಲ್ಲ, ಮೇವು ಬಿಡಿಸಿ ಬೆಳವಣಿಗೆ ತಡೆಯುತ್ತದೆ. ಮಾರನೇ ದಿನವೇ ಫಲ ಹುಡುಕಬೇಡಿ.

ಹೊಗೆಸೊಪ್ಪು ಖಂಡಿತ ಬೇಡ. ನಿಕೋಟಿನ್ ನಮಗೂ ವಿಷ. ಮೇಲಾಗಿ ಮೆಣಸು, ಬದನೆ, ಟೊಮೆಟೊ ಎಲ್ಲ ಹೊಗೆಸೊಪ್ಪಿನ ಕುಟುಂಬದವೇ, ಅದರ ಮೊಸಾಯಿಕ್ ನಂಜಾಣು ಒಣ ಸೊಪ್ಪಿನಲ್ಲೂ ಉಳಿದಿರುತ್ತದೆ.

ಬದನೆಬುಡ:
ಬದನೆಯದು ಬೇರೆಯೇ ಕಥೆ, ಅದು ಕುಡಿ ಮತ್ತು ಕಾಯಿ ಕೊರಕ. ಬಾಡಿದ ಕುಡಿಯನ್ನು ಉದ್ದಕ್ಕೆ ಸೀಳಿ: ಒಳಗೆ ಕಪ್ಪು ಹಿಕ್ಕೆ, ಅದರ ನಡುವೆ ತಿಳಿ ಗುಲಾಬಿ ಬಣ್ಣದ ಹುಳು ಇರುತ್ತದೆ. ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಹುಳು ಕಾಂಡದೊಳಗೆ ಸೇರಿಬಿಡುತ್ತದೆ, ಹೊರಗೆ ಏನು ಹೊಡೆದರೂ ಅದಕ್ಕೆ ತಾಗದು. ಬಾಡಿದ ಜಾಗಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ ಕತ್ತರಿಸಿ. ಕತ್ತರಿಸಿದ ಮುಖದಲ್ಲಿ ತೂತು ಕಂಡರೆ ಇನ್ನೂ ಕೆಳಗೆ ಹೋಗಿ, ತಿರುಳು ಗಟ್ಟಿಯಾಗಿ ಬೆಳ್ಳಗೆ ಕಾಣುವವರೆಗೆ. ಕುಡಿಗಳನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ಗೊಬ್ಬರದ ಗುಂಡಿಗೆ ಎಸೆದರೆ ಅಲ್ಲೇ ಕೋಶ ಕಟ್ಟಿ ಪತಂಗವಾಗಿ ಮರಳಿ ಬರುತ್ತದೆ.

ನಾಲ್ಕೇ ಗಿಡಗಳಾದ್ದರಿಂದ ಸೊಳ್ಳೆಪರದೆಯ ಬಟ್ಟೆ ಮುಚ್ಚುವುದು ಎಲ್ಲಕ್ಕಿಂತ ಖಾತ್ರಿ. ಹುಳು ಬಿದ್ದ ಕುಡಿ, ಕಾಯಿ ಎಲ್ಲ ತೆಗೆದು, ಬುಡದ ತರಗೆಲೆ ಗುಡಿಸಿ, ಆಮೇಲೆ ಮುಚ್ಚಿ ಕುಂಡದ ಸುತ್ತ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಒಳಗಿನ ಕೋಶದಿಂದ ಹೊರಬಂದ ಪತಂಗಕ್ಕೆ ನಾವೇ ಮನೆ ಕಟ್ಟಿಕೊಟ್ಟಂತೆ. ದುಂಬಿ ಬರುವುದಿಲ್ಲ ಅನ್ನುವ ಚಿಂತೆ ಬೇಡ. ಬದನೆ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಬೆಳಿಗ್ಗೆ ಹೂವಿರುವ ರೆಂಬೆಯನ್ನು ಬೆರಳಿನಿಂದ ಮಿಡಿದರೆ ಸಾಕು. ಹೆಣ್ಣು ಪತಂಗದ ವಾಸನೆ ತೋರಿಸಿ ಸೆಳೆಯುವ ಮೋಹಕ ಬಲೆ ಗಂಡು ಪತಂಗವನ್ನಷ್ಟೇ ಹಿಡಿಯುತ್ತದೆ; ನಾಲ್ಕು ಕುಂಡಕ್ಕೆ ಅದನ್ನೇ ನೆಚ್ಚಿ ಕೂರಬೇಡಿ.

ತಾರಸಿತೋಟ:
ತಟ್ಟಿ ನೋಡಿದೆ. ಐದು ಗಿಡದಲ್ಲಿ ಎಲೆ ಮೇಲಕ್ಕೆ ಮಡಚಿದೆ, ಹಾಳೆಯ ಮೇಲೆ ಹುಳು ಬಿದ್ದವು. ಒಂದರಲ್ಲಿ ಮಾತ್ರ ಕೆಳಕ್ಕೆ ಬಾಗಿದೆ. ಆರಕ್ಕೂ ಬೇವನ್ನೇ ಹೊಡೆಯಲೇ? ಹಿಂಡಿ ನೀರು ವಾರಕ್ಕೊಮ್ಮೆ ಕೊಡುತ್ತಿದ್ದೇನೆ, ಮುಂದುವರಿಸಲೇ?

ಎಲೆಯಡಿ:
ಕೆಳಕ್ಕೆ ಬಾಗಿದ್ದನ್ನು ದೂರ ಸರಿಸಿ, ಅದನ್ನು ಮುಟ್ಟಿದ ಕೈಯಲ್ಲಿ ಉಳಿದವನ್ನು ಮುಟ್ಟಬೇಡಿ. ಅದಕ್ಕೆ ಇನ್ನು ಎಣ್ಣೆ ಬೇಡ. ಕೊನೆಯ ಸಲ ಹೊಡೆದ ದಿನದಿಂದ ಎರಡು ವಾರ ಎಣಿಸಿ ಗಂಧಕ. ಉಳಿದ ಐದಕ್ಕೆ ಬೇವು. ಹಿಂಡಿ ನೀರನ್ನು ಮೂರು ವಾರ ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಚಿಗುರು ಮೆತ್ತಗೆ ಬಂದು, ರಸ ಹೀರುವ ಹುಳುಗಳಿಗೆ ಹಬ್ಬವಾಗುತ್ತದೆ.