ಅಪ್ಪನ ಹೆಬ್ಬೆಟ್ಟು ಹೊಂದಿತೆಂದ ಮಾತ್ರಕ್ಕೆ ಹಣ ತೆಗೆದವರು ಅಪ್ಪನೇ ಆಗುತ್ತಾರೆಯೇ?

ಪ್ರಶ್ನೆ: ಅಡಿಕೆತೋಟ

ನನ್ನ ತಂದೆಯವರಿಗೆ 71 ವರ್ಷ, ಶಿರಸಿ ಸಮೀಪದ ಹಳ್ಳಿಯಲ್ಲಿದ್ದಾರೆ. ಹೋದ ತಿಂಗಳು ಪಾಸ್‌ಬುಕ್ ಮುದ್ರಿಸಿಕೊಂಡು ಬಂದಾಗ, ಅವರ ಉಳಿತಾಯ ಖಾತೆಯಿಂದ ಒಂದೇ ದಿನ 10,000 ಮತ್ತು 9,500 ರೂಪಾಯಿಗಳನ್ನು ಎಇಪಿಎಸ್ ಮೂಲಕ, ಅಂದರೆ ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ, ತೆಗೆದಿರುವುದು ಗೊತ್ತಾಯಿತು. ಅದಾಗಲೇ ಹನ್ನೆರಡು ದಿನ ಕಳೆದಿತ್ತು. ಒಟಿಪಿ ಬಂದಿಲ್ಲ, ಖಾತೆಗೆ ಜೋಡಿಸಿದ್ದು ನಮ್ಮಕ್ಕ ಬಿಟ್ಟುಬಿಟ್ಟ ಹಳೆಯ ಮೊಬೈಲ್ ಸಂಖ್ಯೆಯಾದ್ದರಿಂದ ಸಂದೇಶವೂ ನಮಗೆ ತಲುಪಿಲ್ಲ. ಇದಕ್ಕೆ ಮೂರು ವಾರ ಮೊದಲು ತಂದೆಯವರು ಒಂದು ನಿವೇಶನವನ್ನು ಮಾರಿ, ನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಕೊಟ್ಟಿದ್ದರು.

ಶಾಖೆಯಲ್ಲಿ ವಿಚಾರಿಸಿದರೆ, “ಬೆರಳಚ್ಚು ಹೊಂದಿದೆ, ಆದ್ದರಿಂದ ನೀವೇ ತೆಗೆದಿದ್ದೀರಿ” ಎನ್ನುತ್ತಾರೆ. ವರ್ಷಗಟ್ಟಲೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಆ ಹೆಬ್ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ನಾಲ್ಕು ಸಲ ಒತ್ತಿದರೂ ಒಪ್ಪುವುದಿಲ್ಲ. ಎಣ್ಣೆ ಒರೆಸಿ, ಬೆರಳು ತೊಳೆದು ಮತ್ತೆ ಒತ್ತಬೇಕು. ಅಪರಿಚಿತನೊಬ್ಬನ ಕೈಯಲ್ಲಿ ಮಾತ್ರ ಅದು ಸಲೀಸಾಗಿ ಹೊಂದಿತೇ? ಬ್ಯಾಂಕಿನ ಈ ವಾದವನ್ನು ಎದುರಿಸುವುದು ಹೇಗೆ?

ಉತ್ತರ 1: ನಿವೃತ್ತ_ಶಾಖಾಧಿಕಾರಿ

ಶಾಖೆಯವರ ಮಾತು ಅರ್ಧ ಸರಿ. ಯಂತ್ರದಿಂದ ಬಂದ ಬೆರಳಚ್ಚು ಆಧಾರ್ ದಾಖಲೆಗೆ ಹೊಂದುತ್ತದೆ ಎಂದಷ್ಟೇ ದೃಢೀಕರಣ ಹೇಳುತ್ತದೆ. ಆ ಹೊತ್ತಿನಲ್ಲಿ ಯಂತ್ರದ ಮುಂದೆ ಯಾರು ನಿಂತಿದ್ದರು ಎಂಬುದನ್ನು ಅದು ಹೇಳಲಾರದು. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಗಳಿಂದ ಇದೇ ರೀತಿ ಹಣ ಹೋಗಿತ್ತು. ನೋಂದಾಯಿತ ಪತ್ರದ ಪ್ರತಿಯಲ್ಲಿ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ಸಂಖ್ಯೆ ಎರಡೂ ಒಟ್ಟಿಗೆ ಸಿಕ್ಕರೆ, ಗುರುತಿನಿಂದ ಸಿಲಿಕೋನ್ ಅಚ್ಚು ತೆಗೆಯುವುದು ಕಷ್ಟದ ಕೆಲಸವೇನಲ್ಲ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಹೆಸರಿಸಿ ಲಿಖಿತ ದೂರು ಕೊಡಿ. ಅನಧಿಕೃತ ವಿದ್ಯುನ್ಮಾನ ವಹಿವಾಟಿನಲ್ಲಿ ಗ್ರಾಹಕನ ಹೊಣೆಯನ್ನು ರುಜುವಾತುಪಡಿಸುವ ಭಾರ ಬ್ಯಾಂಕಿನದೇ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಬ್ಯಾಂಕಿನದಾಗಲೀ ಗ್ರಾಹಕನದಾಗಲೀ ತಪ್ಪಿಲ್ಲದೆ ಮೂರನೆಯವರಿಂದ ವಂಚನೆ ನಡೆದಾಗ, ಬ್ಯಾಂಕಿನ ಸೂಚನೆ ಸಿಕ್ಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ. ನಾಲ್ಕರಿಂದ ಏಳು ದಿನಗಳಾದರೆ ಹೊಣೆಗೆ ಮಿತಿಯಿದೆ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ. ನಿಮ್ಮ ಹನ್ನೆರಡು ದಿನವೇ ತೊಡಕು, ಬ್ಯಾಂಕಿನವರು ಹಿಡಿಯುವುದೂ ಅದನ್ನೇ. ಪಾಸ್‌ಬುಕ್ ಮುದ್ರಿಸಿದ ದಿನವೇ ನಿಮಗೆ ವಿಷಯ ತಿಳಿದದ್ದು ಎಂಬುದನ್ನು ದಿನಾಂಕ ಸಹಿತ ಬರೆಯಿರಿ. ಬ್ಯಾಂಕಿನ ಕಡೆಯ ಲೋಪವೆಂದು ತೋರಿಸಿಕೊಟ್ಟರೆ ದೂರು ತಡವಾದದ್ದು ಲೆಕ್ಕಕ್ಕೆ ಬರುವುದಿಲ್ಲ. ದೂರಿಗೆ ಸ್ವೀಕೃತಿ ಪಡೆಯದೆ ಮಾತ್ರ ಶಾಖೆಯಿಂದ ಹೊರಗೆ ಬರಬೇಡಿ. ಬಾಯಿಮಾತಿನ ದೂರುಗಳು ಎಲ್ಲಿಗೆ ಹೋಗುತ್ತವೆಂಬುದನ್ನು ಮೂವತ್ತು ವರ್ಷ ಮೇಜಿನ ಆ ಬದಿಯಲ್ಲಿ ಕುಳಿತು ನೋಡಿದ್ದೇನೆ. ಇಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಮೂವತ್ತು ದಿನಗಳಲ್ಲಿ ಬ್ಯಾಂಕಿನಿಂದ ಸಮಾಧಾನಕರ ಉತ್ತರ ಬಾರದಿದ್ದರೆ ಗ್ರಾಹಕರ ದೂರು ಆಲಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು.

ಉತ್ತರ 2: ಸಂಶಯಾತ್ಮ

ಸಿಲಿಕೋನ್ ಬೆರಳೆಂದು ಈಗಲೇ ತೀರ್ಮಾನಿಸಬೇಡಿ. “ಬೆರಳು ತಗೊಳ್ಳಲಿಲ್ಲ, ಇನ್ನೊಮ್ಮೆ ಒತ್ತಿ” ಎಂದು ಹೇಳಿ ಎರಡು ಸಲ ಹಣ ಎಳೆಯುವ, ಬ್ಯಾಂಕಿನ ಪರವಾಗಿ ಬೆರಳಚ್ಚು ಯಂತ್ರ ಇಟ್ಟುಕೊಂಡ ಏಜೆಂಟರೂ ಇದ್ದಾರೆ. ವಹಿವಾಟು ನಡೆದ ಸಮಯ, ಯಂತ್ರದ ಗುರುತು ಸಂಖ್ಯೆ, ಅದು ಯಾವ ಬ್ಯಾಂಕಿನ ಪ್ರತಿನಿಧಿಯದು, ಯಾವ ಊರಿನದು ಎಂಬ ವಿವರಗಳನ್ನು ಲಿಖಿತವಾಗಿ ಕೇಳಿ. ಊರು ದೂರದ್ದಾದರೆ, ತಂದೆಯವರು ಆ ದಿನ ಹಳ್ಳಿಯಲ್ಲೇ ಇದ್ದರೆಂಬುದಕ್ಕೆ ಹಾಲಿನ ಡೇರಿಯ ಪುಸ್ತಕವಾದರೂ ಸಾಕ್ಷಿಯಾದೀತು.

ಉತ್ತರ 3: ಸೇವಾಕೇಂದ್ರ_ಮಲೆನಾಡು

ಹೋದ ಹಣಕ್ಕಿಂತ ನನಗೆ ಹೆಚ್ಚು ಆತಂಕವೆನಿಸಿದ್ದು ನಿಮ್ಮಕ್ಕನ ಆ ಹಳೆಯ ಸಂಖ್ಯೆ. ಬಿಟ್ಟ ಸಂಖ್ಯೆಯನ್ನು ದೂರಸಂಪರ್ಕ ಕಂಪನಿಗಳು ಕೆಲಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ಅದೇ ಸಂಖ್ಯೆ ಆಧಾರ್‌ಗೂ ಜೋಡಣೆಯಾಗಿದ್ದರೆ ಒಟಿಪಿ ಹೋಗುವುದು ಆ ಹೊಸಬರಿಗೆ. ಒಟಿಪಿ ಆಧಾರಿತ ಇ-ಕೆವೈಸಿಯಿಂದ (ಆನ್‌ಲೈನ್ ಗುರುತು ಪರಿಶೀಲನೆಯಿಂದ), ಎದುರಿಗೆ ಯಾರೂ ಕಾಣದೆಯೇ, ಖಾತೆ ತೆರೆಯಬಹುದು, ವರ್ಷಕ್ಕೆ 60,000 ರೂಪಾಯಿವರೆಗೆ ಸಾಲವನ್ನೂ ಪಡೆಯಬಹುದು. ಆದ್ದರಿಂದ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಸಂಖ್ಯೆ ಬದಲಿಸಿ. ನಂತರ ತಂದೆಯವರ ಹೆಸರಿನ ಕ್ರೆಡಿಟ್ ವರದಿ, ಅಂದರೆ ಅವರ ಹೆಸರಿನಲ್ಲಿರುವ ಸಾಲಗಳ ದಾಖಲೆ, ತರಿಸಿ ನೋಡಿ. ಸಿಬಿಲ್ ಸೇರಿದಂತೆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ, ಲಾಕ್ ತೆಗೆಯುವವರೆಗೆ ಬೆರಳಚ್ಚು ನಡೆಯುವುದಿಲ್ಲ. ಕಳೆದ ಆರು ತಿಂಗಳಲ್ಲಿ ಯಾವಾಗ, ಯಾವ ಸಂಸ್ಥೆಯ ಮೂಲಕ ದೃಢೀಕರಣ ನಡೆದಿದೆ ಎಂಬ ಪಟ್ಟಿಯೂ ಆಧಾರ್ ಜಾಲತಾಣದಲ್ಲಿ ಸಿಗುತ್ತದೆ, ದೂರಿಗೆ ಲಗತ್ತಿಸಿ. ಜೆರಾಕ್ಸ್ ಕೊಡಲೇಬೇಕಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಹೀಗೊಂದು ಸಲಹೆ ನೀಡಿತ್ತು. ಜನ ಅದನ್ನು ತಪ್ಪಾಗಿ ಅರ್ಥೈಸಿಯಾರೆಂದು ಎರಡೇ ದಿನದಲ್ಲಿ ಹಿಂಪಡೆದರು. ಸಲಹೆ ಹೋಯಿತು, ಜೆರಾಕ್ಸ್ ಕೇಳುವವರು ಹಾಗೆಯೇ ಇದ್ದಾರೆ.

ಪ್ರಶ್ನೆ ಕೇಳಿದವರು: ಅಡಿಕೆತೋಟ

ಎಲ್ಲರಿಗೂ ಧನ್ಯವಾದಗಳು. ಶಾಖೆಯಿಂದ ವಿವರ ಸಿಕ್ಕಿತು: ಎರಡೂ ವಹಿವಾಟು ನಡೆದದ್ದು ಹೊರರಾಜ್ಯದ ಯಂತ್ರದಲ್ಲಿ, ಏಳು ನಿಮಿಷದ ಅಂತರದಲ್ಲಿ. ಅದೇ ಬೆಳಿಗ್ಗೆ ತಂದೆಯವರು ಡೇರಿಗೆ ಹಾಲು ಹಾಕಿದ್ದು ಪುಸ್ತಕದಲ್ಲಿದೆ. ಅದರ ಪ್ರತಿಯನ್ನೂ ಲಗತ್ತಿಸಿ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಹಣ ಇನ್ನೂ ಬಂದಿಲ್ಲ. ಕ್ರೆಡಿಟ್ ವರದಿಯಲ್ಲಿ ಪುಣ್ಯಕ್ಕೆ ಏನೂ ಇರಲಿಲ್ಲ.

ಬಯೋಮೆಟ್ರಿಕ್ ಲಾಕ್ ಮಾಡಿದ ಮೇಲೆ ಒಂದು ಹೊಸ ಪೇಚು: ಪಡಿತರದ ದಿನ ತಂದೆಯವರು ಅಂಗಡಿಯಿಂದ ಫೋನ್ ಮಾಡಿ ಒಟಿಪಿ ಹೇಳಬೇಕು, ನಾನು ಬೆಂಗಳೂರಿನಿಂದ ಲಾಕ್ ತೆಗೆಯಬೇಕು. ಅದು ತೆರೆದಿರುವುದು ಹತ್ತು ನಿಮಿಷ. ಮೊನ್ನೆ ಅವರ ಹೆಬ್ಬೆರಳನ್ನು ಯಂತ್ರ ಒಪ್ಪಿದ್ದು ಎಂಟನೆಯ ನಿಮಿಷದಲ್ಲಿ.